ಎರಡೇ ಎರಡು ಮಾತ್ರೆ

ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಡೊಂಬಿವಲಿಯ ನಮ್ಮ ಗಲ್ಲಿಯಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಮರಾಠಿಯವರಿಗೆ ಅವರು ‘ಇಡ್ಲಿ ಪೀಠವಾಲ್ಯಾ ಕಾಕೂ’, ಗುಜರಾತಿ ಹೆಂಗಸರಿಗೆ ‘ಖೀರೂವಾಲಿ ಬೆನ್’, ನಮ್ಮ ಉಡುಪಿ ಕಡೆಯವರಿಗೆ ಹಿಟ್ಟಿನಕ್ಕ. ನಮ್ಮ ಎದುರಿನ ಕಟ್ಟಡದ ನೆಲಮಹಡಿಯ ಒಂದೂವರೆ ಕೋಣೆಯ ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ಇಡ್ಲಿ–ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದರು. ಮನೆಯಲ್ಲಿ ಅತ್ತೆ ಮತ್ತು ಶಾಲೆಗೆ ಹೋಗುವ ಒಬ್ಬಳು ಮಗಳು. ಅಕ್ಕನ ಗಂಡ ಉಲ್ಹಾಸನಗರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅಷ್ಟು ದೊಡ್ಡ ಹೋಟೆಲಿನ ದೋಸೆಗಿಂತ ಹೆಂಡತಿಯ ಹಿಟ್ಟಿನ ದೋಸೆಯೇ ಮೇಲು ಎಂದು ಅವರೇ ಒಪ್ಪಿಕೊಂಡಿದ್ದರು. ಹೋಟೆಲಿನಲ್ಲಿ ಮಾತ್ರ ಹೇಳುತ್ತಿರಲಿಲ್ಲ.

ರುಬ್ಬುವುದು ಯಂತ್ರವಾದರೂ ಉಪ್ಪು ಹಾಕಿ ಕಲಸುವುದು ಕೈಯಲ್ಲೇ ಆಗಬೇಕು ಎಂಬುದು ಅಕ್ಕನ ಶಾಸ್ತ್ರ. ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಹಿಟ್ಟಿನ ಕಿವಿಯಲ್ಲಿ ಏನೋ ಹೇಳುವವರಂತೆ ಕಲಸುತ್ತಿದ್ದರು. “ಮಿಶಿನ್ ಅರೀತದೆ ಅಷ್ಟೆ ಮಾರಾಯ್ತಿ. ಹುಳಿ ಬರಿಸುವುದು ಕೈ,” ಎನ್ನುವರು. ಕಟ್ಟಡದಲ್ಲಿ ಯಾರಿಗೆ ಏನಾದರೂ ಅಕ್ಕನ ಮನೆಯಿಂದ ಒಂದು ಡಬ್ಬಿ ಇಡ್ಲಿ ಹೋಗುತ್ತಿತ್ತು. ಜ್ವರ ಬಂದರೆ ಇಡ್ಲಿ, ಅಜೀರ್ಣವಾದರೆ ಇಡ್ಲಿ, ಮೂರನೇ ಮಹಡಿಯ ಹುಡುಗಿಯ ಸಂಬಂಧ ಮುರಿದಾಗಲೂ ಇಡ್ಲಿ.

ನನ್ನದು ಔಷಧಿ ಅಂಗಡಿ. ಊರಲ್ಲಿ ಫಾರ್ಮಸಿ ಡಿಪ್ಲೊಮಾ ಓದಿ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಬೆಳಿಗ್ಗೆ ಲೋಕಲ್ ಹಿಡಿದು ಆಫೀಸಿಗೆ ಹೋಗುವವರು, ಅಂಗಡಿ ನನ್ನದು. ಗೋಡೆಯ ಮೇಲೆ ನನ್ನ ಫೋಟೋ ಇರುವ ಸರ್ಟಿಫಿಕೇಟು ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅದರ ಕೆಳಗೆ, ಕೌಂಟರಿಗೆ ದಾರದಲ್ಲಿ ಕಟ್ಟಿದ ಒಂದು ಕತ್ತರಿ ಇತ್ತು. ಈ ಬರಹ ಆ ಕತ್ತರಿಯ ಕಥೆಯೂ ಹೌದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜನ ಪೂರ್ತಿ ಪಟ್ಟಿ ಮಾತ್ರೆ ಕೊಳ್ಳುವುದಿಲ್ಲ. ‘ದೋ ಗೋಲಿ ದೇ ದೋ’ ಎನ್ನುತ್ತಾರೆ. ನಾವು ಕತ್ತರಿಯಲ್ಲಿ ಎರಡು ಕತ್ತರಿಸಿ ಕೊಡುತ್ತೇವೆ. ಹೆಸರು, ತಾರೀಕು ಇರುವ ತುದಿಯನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುತ್ತೇವೆ, ಉಳಿದದ್ದನ್ನು ಮತ್ತೆ ಮಾರಬೇಕಲ್ಲ. ಗಿರಾಕಿಯ ಕೈಗೆ ಹೋಗುವುದು ಹೆಸರಿಲ್ಲದ ಬೆಳ್ಳಿಯ ತುಂಡು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಯಾವುದು, ಐದು ದಿನ ನುಂಗಬೇಕಾದ್ದನ್ನು ಎರಡು ದಿನ ನುಂಗಿದರೆ ಏನಾಗುತ್ತದೆ, ಎಲ್ಲವನ್ನೂ ನಾನು ಓದಿ ಪರೀಕ್ಷೆ ಬರೆದು ಪಾಸಾದವಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನನಗಾಗಿಯೇ ಮಾಡಿರಬೇಕು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಡೊಂಬಿವಲಿಯಲ್ಲಿ ದಿನಕ್ಕೆ ನಾಲ್ಕು ತಾಸು ಕರೆಂಟು ತೆಗೆಯುತ್ತಿದ್ದ ಕಾಲ. ಆ ಮಳೆಗಾಲದ ಮೊದಲು ಅಕ್ಕನಿಗೆ ದವಡೆ ಹಲ್ಲು ನೋವು ಬಂತು. ಅತ್ತೆಯ ಜೊತೆ ಹೋಗಿ ಕೀಳಿಸಿಕೊಂಡು ಬಂದರು. ಮೂರು ವಾರ ಕಳೆದಿತ್ತೋ ಏನೋ, ಒಂದು ಸಂಜೆ ಅಂಗಡಿಗೆ ಬಂದು ಗಾಜಿನ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನಿಂತರು. ಸ್ಟೂಲು ಕೊಟ್ಟರೂ ಕೂರುವವರಲ್ಲ, ಯಾವಾಗಲೂ ಹಾಗೆಯೇ ನಿಲ್ಲುವುದು.

“ಸಂಜೆಯಾದ ಕೂಡ್ಲೆ ಮೈ ಬಿಸಿ ಆಗ್ತದೆ. ಎರಡು ಮಾತ್ರೆ ಕೊಡು.”

“ಡಾಕ್ಟರಿಗೆ ತೋರಿಸಿ ಅಕ್ಕ.”

“ನೀನೇ ಡಾಕ್ಟ್ರು ನನಗೆ. ನಾಳೆ ಎಂಬತ್ತು ಪ್ಯಾಕೆಟ್ ಆರ್ಡರ್ ಉಂಟು, ಅಲ್ಲಿ ಹೋಗಿ ಲೈನಲ್ಲಿ ಕೂತುಕೊಳ್ಳಿಕ್ಕೆ ಆಗ್ತದಾ?”

ಬೇರೆಯವರಾಗಿದ್ದರೆ ಜ್ವರದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ನಮ್ಮವರಲ್ಲವೇ, ಬೇಗ ಗುಣವಾಗಲಿ ಎಂದು ಆ್ಯಂಟಿಬಯಾಟಿಕ್ ಎರಡು ಕತ್ತರಿಸಿ ಕೊಟ್ಟೆ. ಮರುದಿನ ಮತ್ತೆ ಎರಡು. ಜ್ವರ ಬಿಟ್ಟಿತು. ನಾಲ್ಕು ದಿನಕ್ಕೆ ಮತ್ತೆ ಬಂತು. ಮತ್ತೆ ಎರಡು. ಹೀಗೆ ಎರಡು ತಿಂಗಳು ನಡೆಯಿತು. ಮಳೆ ಹಿಡಿದಿತ್ತು, ಇಡೀ ಡೊಂಬಿವಲಿಯೇ ಕೆಮ್ಮುತ್ತಿತ್ತು, ಅಕ್ಕನ ಜ್ವರವೂ ಅದರೊಳಗೆ ಒಂದು ಎಂದುಕೊಂಡೆ. ರವಿಕೆ ಸಡಿಲವಾಗುತ್ತ ಬಂದಾಗ “ಡಯಟ್ ಏನಕ್ಕ?” ಎಂದು ತಮಾಷೆ ಮಾಡಿದೆ. ಒಂದು ದಿನ ಬೆರಳ ತುದಿಗಳನ್ನು ತೋರಿಸಿ, “ಇಲ್ಲಿ ಮುಟ್ಟಿದ್ರೆ ಜೀವ ಹೋಗ್ತದೆ ಮಾರಾಯ್ತಿ. ಉಪ್ಪು ಹಿಡಿದು ಹಿಡಿದು ಹೀಗಾಯ್ತೋ ಏನೋ,” ಎಂದರು. ಕೆಂಪಗೆ ಬಟಾಣಿಯಷ್ಟು ಗಂಟುಗಳು. ಉಗುರಿನ ಅಡಿಯಲ್ಲಿ ಕಪ್ಪು ಗೆರೆಗಳು. ಗ್ರೈಂಡರಿನ ಕಲ್ಲು ತೊಳೆಯುವಾಗ ತಾಗಿರಬೇಕು ಎಂದು ನಾನು ಒಂದು ಮುಲಾಮು ಕೊಟ್ಟೆ. ಅದು ರಕ್ತದಲ್ಲಿ ಸೋಂಕು ತಿರುಗುತ್ತಿರುವ ಗುರುತು ಎಂದು ಪುಸ್ತಕದಲ್ಲಿ ಓದಿದ್ದೆ, ಕೌಂಟರಿನ ಮೇಲೆ ಬಂದಾಗ ಕಾಣಲಿಲ್ಲ. ಆ ದಿನಗಳಲ್ಲಿ ಅಕ್ಕ ಮರದ ಸೌಟಿನಲ್ಲಿ ಹಿಟ್ಟು ಕಲಸತೊಡಗಿದ್ದರು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಗಣಪತಿ ಹಬ್ಬ ಮುಗಿದ ವಾರ, ಗಂಡನ ಹೋಟೆಲಿನವರ ಮನೆಯ ಪೂಜೆಗೆಂದು ಹೋದ ಅಕ್ಕ ವಿಠ್ಠಲವಾಡಿ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಉಸಿರು ಸಾಲುತ್ತಿರಲಿಲ್ಲ. ಕಲ್ಯಾಣದ ಒಂದು ನರ್ಸಿಂಗ್ ಹೋಮಿಗೆ ಒಯ್ದರು. ಅಲ್ಲಿನವರು ಎದೆಗೆ ಕೊಳವೆ ಇಟ್ಟು ಕೇಳಿ, ಒಂದು ಗಂಟೆಯೂ ಇಟ್ಟುಕೊಳ್ಳದೆ ಠಾಣೆಗೆ ಕಳಿಸಿದರು, ಘೋಡಬಂದರ್ ರಸ್ತೆಯ ದೊಡ್ಡ ಆಸ್ಪತ್ರೆಗೆ.

ಮೂರನೇ ದಿನ ಮಧ್ಯಾಹ್ನ ಅಕ್ಕನ ಗಂಡ ನನ್ನ ಅಂಗಡಿಗೆ ಬಂದರು. ಹಿಟ್ಟು ಕಟ್ಟಿಕೊಡುವ ಪ್ಲಾಸ್ಟಿಕ್ ಚೀಲವೊಂದನ್ನು ಕೌಂಟರಿನ ಮೇಲೆ ಮಗುಚಿದರು. ಬೆಳ್ಳಿಯ ತುಂಡುಗಳು. ಅಕ್ಕ ಒಂದನ್ನೂ ಎಸೆಯದೆ ಅಡಿಗೆಮನೆಯ ಡಬ್ಬಿಯಲ್ಲಿ ಹಾಕಿಟ್ಟಿದ್ದರಂತೆ.

“ರಕ್ತದಲ್ಲಿ ಕ್ರಿಮಿ ಉಂಟಾ ಅಂತ ಬೆಳೆಸಿ ನೋಡ್ತಾರಂತೆ ತಂಗಿ. ಮೂರು ಸಲ ತೆಗೆದ್ರು, ಒಂದ್ರಲ್ಲೂ ಬೆಳೀಲಿಲ್ಲ. ಮೊದಲು ಎಂತ ಮಾತ್ರೆ ತಿಂದಿದ್ದಾಳೆ ಅಂತ ಕೇಳ್ತಾರೆ. ಇದ್ರಲ್ಲಿ ಒಂದ್ರಲ್ಲೂ ಹೆಸರಿಲ್ಲ.”

ಹೆಸರುಗಳು ನನ್ನ ಡ್ರಾಯರಿನಲ್ಲಿದ್ದವು. ಅವರ ಎದುರಿಗೇ ಡ್ರಾಯರು ಎಳೆದು, ಕತ್ತರಿಸಿ ಉಳಿದ ಪಟ್ಟಿಗಳನ್ನು ಹುಡುಕಿ, ತುಂಡಿಗೆ ತುಂಡು ಜೋಡಿಸಿ ನೋಡಿದೆ. ಎರಡು ಪಟ್ಟಿ ಕೈಜಾರಿ ನೆಲಕ್ಕೆ ಬಿದ್ದವು. ಅವರು ಪಾಪ, “ನಿಧಾನ, ನಿಧಾನ,” ಎಂದು ನನ್ನನ್ನೇ ಸಮಾಧಾನ ಮಾಡಿದರು. ಅಂಗಡಿಗೆ ಬೀಗ ಹಾಕಿ ಅವರ ಜೊತೆ ಠಾಣೆಗೆ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಎಲ್ಲ ಕೇಳಿ, ಬರೆದುಕೊಂಡು, ಬೈಯುತ್ತಾರೆಂದು ನಾನು ಕಾಯುತ್ತಿದ್ದರೆ ಪೆನ್ನು ಮುಚ್ಚಿ, “ಮೇಡಂ, ಆಪ್ ಫಾರ್ಮಸಿಸ್ಟ್ ಹೈಂ?” ಎಂದು ಕೇಳಿದರು. ಅಷ್ಟೇ. ನಾನು ತಲೆಯಾಡಿಸಿದೆ. ಆಮೇಲೆ ತಾಳ್ಮೆಯಿಂದ ವಿವರಿಸಿದರು. ಹೃದಯದ ಒಂದು ಕವಾಟಕ್ಕೆ ಸೋಂಕು ತಗುಲಿದೆ. ಕಿತ್ತ ಹಲ್ಲಿನ ಗಾಯದಿಂದ ಒಳಗೆ ಹೋಗಿರಬಹುದು. ಅರ್ಧಂಬರ್ಧ ಮಾತ್ರೆಗಳಿಂದ ಕ್ರಿಮಿ ಸಾಯಲಿಲ್ಲ, ಅಡಗಿ ಕೂತಿತು, ಎರಡು ತಿಂಗಳು ಸದ್ದಿಲ್ಲದೆ ಕವಾಟವನ್ನು ತಿಂದಿತು. ಈಗ ಯಾವ ಕ್ರಿಮಿ ಎಂದು ತಿಳಿಯದೆ, ಕತ್ತಲೆಯಲ್ಲಿ ಕೈಯಾಡಿಸಿದಂತೆ ಔಷಧ ಕೊಡಬೇಕು.

ಅಲ್ಲೇ ಇನ್ನೊಂದು ಮಾತು ಹೊರಬಿತ್ತು. ಕವಾಟ ಮೊದಲು ಹಾಳಾದದ್ದು ಈಗಲ್ಲ, ಬಾಲ್ಯದಲ್ಲೇ ಅದು ಪೆಟ್ಟು ತಿಂದಿದೆ, ಮಿಶಿನ್ನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಹಲ್ಲು ಕೀಳುವ ಮೊದಲು ಯಾಕೆ ಹೇಳಲಿಲ್ಲ, ಹೇಳಿದ್ದರೆ ಸೋಂಕು ತಗುಲದಂತೆ ಮೊದಲೇ ಔಷಧ ಕೊಡುತ್ತಿದ್ದರಲ್ಲ ಎಂದು ಡಾಕ್ಟರು ಅಕ್ಕನ ಮಂಚದ ಪಕ್ಕ ನಿಂತು ಕೇಳಿದರು. ಗಂಡ ಇದ್ದರು, ಅತ್ತೆ ಇದ್ದರು, ನಾನಿದ್ದೆ. ಅಕ್ಕ ಸೂರು ನೋಡುತ್ತ ಮಲಗಿದ್ದರು.

ಆಮೇಲೆ ನನಗೆ ಅವರೇ ಹೇಳಿದರು. ಹನ್ನೊಂದನೇ ವಯಸ್ಸಿನಲ್ಲಿ ಕೀಲು ಕೀಲು ಬಾತು ಜ್ವರ ಬಂದಿತ್ತು. ಎದೆಯಲ್ಲಿ ಒಂದು ಶಬ್ದ ಉಂಟು ಎಂದು ಊರಿನ ಡಾಕ್ಟರು ತಿಂಗಳಿಗೊಂದು ಸೂಜಿ ಹಾಕುತ್ತಿದ್ದರು. ಸಂಬಂಧ ಕೂಡಿಬಂದ ದಿನ ಅಕ್ಕನ ಅಮ್ಮ ಸೂಜಿ ನಿಲ್ಲಿಸಿ, ಆಸ್ಪತ್ರೆಯ ಚೀಟಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, “ಇನ್ನು ಇದರ ಬಗ್ಗೆ ಬಾಯಿ ಬಿಡಬೇಡ,” ಎಂದರು. ಅಕ್ಕ ಬಿಡಲಿಲ್ಲ. ಹದಿನೈದು ವರ್ಷ. ಹಲ್ಲಿನ ಡಾಕ್ಟರಮ್ಮ ಫಾರ್ಮ್ ತುಂಬುತ್ತ ಮರಾಠಿಯಲ್ಲಿ, “ಶುಗರ್, ಬಿಪಿ, ಹಾರ್ಟ್, ಕಾಹೀ ತ್ರಾಸ ಆಹೆ ಕಾ?” ಎಂದು ಕೇಳಿದಾಗ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಅಕ್ಕ ಇಲ್ಲವೆಂದು ತಲೆಯಾಡಿಸಿದರು.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ ನಮ್ಮವರು. ಆ ನೂರರಲ್ಲಿ ಒಂದನ್ನು ಎದೆಯೊಳಗೆ ಇಟ್ಟುಕೊಂಡು ಬದುಕಬೇಕಾದವಳ ಗತಿ ಏನೆಂದು ಯಾರೂ ಹೇಳುವುದಿಲ್ಲ.

ಅತ್ತೆ ಒಂದು ವಾರ ಸೊಸೆಯ ಹತ್ತಿರ ಮಾತಾಡಲಿಲ್ಲ. ದಿನಾ ಆಸ್ಪತ್ರೆಗೆ ಬರುವರು, ಮೂಲೆಯಲ್ಲಿ ಕೂತಿರುವರು, ಹೋಗುವರು. ನಾನು ಹೋಗಿದ್ದ ಒಂದು ದಿನ, ತಂದಿದ್ದ ಗಂಜಿಯನ್ನು ಚಮಚದಲ್ಲಿ ಕದಡುತ್ತ, ಯಾರ ಮುಖವನ್ನೂ ನೋಡದೆ, “ನನಗೂ ಒಂದು ಹೆಣ್ಣು ಇದ್ದಿದ್ರೆ ನಾನೂ ಹೇಳ್ತಿರಲಿಲ್ಲ. ಬಾಯಿ ತೆಗೆ, ಆರಿ ಹೋಗ್ತದೆ,” ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ಅಕ್ಕ ಗಂಜಿ ಕುಡಿಯುತ್ತ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆರು ವಾರ ಆಸ್ಪತ್ರೆ. ದಿನಕ್ಕೆ ಆರು ಸಲ ನರಕ್ಕೆ ಔಷಧ. ಕೈಯ ನರಗಳೆಲ್ಲ ಒಂದೊಂದಾಗಿ ಕಲ್ಲಾಗಿ, ಕೊನೆಗೆ ಕುತ್ತಿಗೆಯಲ್ಲಿ ಸೂಜಿ ಇಟ್ಟರು. ನೋವಿಗಿಂತ ಕಾಯುವುದೇ ಕಷ್ಟ ಎನ್ನುತ್ತಿದ್ದರು ಅಕ್ಕ. ಥರ್ಮಾಮೀಟರ್ ಬಾಯಿಗಿಟ್ಟ ಒಂದು ನಿಮಿಷ, ನರ್ಸು ಅದನ್ನು ಬೆಳಕಿಗೆ ಹಿಡಿದು ನೋಡುವ ಇನ್ನೊಂದು ಕ್ಷಣ. ನರ್ಸಿನ ಹುಬ್ಬು ನೋಡಿಯೇ ಎಷ್ಟು ಜ್ವರ ಎಂದು ಹೇಳುವಷ್ಟು ಪಳಗಿದ್ದರಂತೆ. ಎದುರು ಮಂಚದಲ್ಲಿ ಅದೇ ರೋಗದ ಒಬ್ಬ ರಿಕ್ಷಾದವ ಇದ್ದ. ಇಬ್ಬರೂ ದಿನಾ ಬೆಳಿಗ್ಗೆ ಕೈ ಎತ್ತಿ ಬೆರಳಲ್ಲಿ ಜ್ವರದ ಅಂಕಿ ತೋರಿಸಿಕೊಳ್ಳುತ್ತಿದ್ದರು. ನಾಲ್ಕನೇ ವಾರ ಒಂದು ಬೆಳಿಗ್ಗೆ ಅಕ್ಕ ಕೈ ಎತ್ತಿದಾಗ ಆ ಮಂಚಕ್ಕೆ ಹೊಸ ಹಾಸು ಹಾಕುತ್ತಿದ್ದರು. “ಎತ್ತಿದ ಕೈ ಎಲ್ಲಿ ಇಡುವುದು ಅಂತ ಗೊತ್ತಾಗ್ಲಿಲ್ಲ,” ಎಂದು ಅಕ್ಕ ಎಷ್ಟೋ ವರ್ಷದ ಮೇಲೆ ಹೇಳಿದರು.

ತಮಾಷೆ ಮಾತ್ರ ಬಿಡಲಿಲ್ಲ. ಹಿಟ್ಟು ಹುಳಿ ಬರುವುದೂ ಕಣ್ಣಿಗೆ ಕಾಣದ ಜೀವಿಗಳಿಂದಲೇ, ಕವಾಟಕ್ಕೆ ಹತ್ತಿದ್ದು ಅವುಗಳ ದೂರದ ನೆಂಟರೇ ಇರಬಹುದು ಎಂದು ಡಾಕ್ಟರು ಹೇಳಿದ್ದರಂತೆ. “ಇಷ್ಟು ವರ್ಷ ಕೈಯಾರೆ ಸಾಕಿದ್ದೆ. ಬಾಡಿಗೆ ಕೊಡದೆ ಒಳಗೇ ಬಂದು ಕೂತ್ರು ನೋಡು,” ಎಂದು ನಕ್ಕರು.

ಸೋಂಕು ಹೋಯಿತು, ಕವಾಟ ಉಳಿಯಲಿಲ್ಲ. ಎದೆ ಸೀಳಿ ಲೋಹದ ಕವಾಟ ಹಾಕಿದರು. ಅಕ್ಕ ಹಿಂದಿರುಗಿ ಬಂದಾಗ ಕುತ್ತಿಗೆಯವರೆಗೆ ಮುಚ್ಚುವ ರವಿಕೆ, ಪರ್ಸಿನಲ್ಲಿ ಕವಾಟದ ವಿವರ ಬರೆದ ಒಂದು ಕಾರ್ಡು, ಮೈಯೊಳಗೆ ಒಂದು ಟಿಕ್ ಟಿಕ್. ಮಧ್ಯಾಹ್ನ ಕರೆಂಟು ಹೋಗಿ ನನ್ನ ಅಂಗಡಿಯ ಫ್ಯಾನು, ಫ್ರಿಜ್ಜು ಎಲ್ಲ ಸುಮ್ಮನಾದಾಗ ಕೌಂಟರಿನ ಆಚೆಯಿಂದ ಅದು ನನಗೆ ಕೇಳಿಸುತ್ತಿತ್ತು. “ಗೋಡೆ ಗಡಿಯಾರ ನುಂಗಿದ್ದೇನೆ. ನಿಂತ್ರೆ ಹೇಳು, ಕೀ ಕೊಡುವ,” ಎನ್ನುವರು.

ಆಮೇಲೆ ಹತ್ತು ವರ್ಷಕ್ಕೆ ಒಂದು ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ದಿನಾ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕಿಟಕಿಯ ಡಬ್ಬಿಯಲ್ಲಿ ತಾವೇ ಬೆಳೆಸಿದ ಬಸಳೆಯನ್ನು ಬೇಕೆಂದಾಗ ಬೇಕಾದಷ್ಟು ತಿನ್ನುವಂತಿಲ್ಲ, ಸೊಪ್ಪು ಹೆಚ್ಚುಕಮ್ಮಿಯಾದರೆ ರಕ್ತದ ಹದ ತಪ್ಪುತ್ತದೆ. ತರಕಾರಿ ಹೆಚ್ಚುವಾಗ ಚಾಕು ತಾಗಿದರೆ ಇಡೀ ಮನೆ ಗಾಬರಿ. ಮಗಳು ಒಮ್ಮೆ ಕೆಮ್ಮಿದರೆ ಅಕ್ಕ ಬಾಯಿಗೆ ಸೆರಗು ಹಿಡಿಯುವರು. ಗುಣವಾಯಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅಕ್ಕನಿಗೆ ರೋಗ ಹೋಗಿತ್ತು, ಅದರ ಕಾವಲು ಹೋಗಿರಲಿಲ್ಲ. ಪ್ರತಿದಿನ ಸಂಜೆ ಐದಕ್ಕೆ ಅಂಗಡಿಗೆ ಬಂದು ಕೌಂಟರಿಗೆ ಮೊಣಕೈ ಊರಿ, “ಇಡು,” ಎಂದು ಬಾಯಿ ತೆರೆಯುವರು. ಮನೆಯಲ್ಲೂ ಥರ್ಮಾಮೀಟರ್ ಇತ್ತು. ಆದರೆ ಅಂಕಿಯನ್ನು ನಾನು ನೋಡಿ ಹೇಳಬೇಕು. ನಾನು ಹೇಳಿದ ಮೇಲೆ ಒಂದು ಉಸಿರು ಬಿಟ್ಟು ಹಿಟ್ಟು ಕಲಸಲು ಹೋಗುವರು.

ಕತ್ತರಿಯನ್ನು ನಾನು ದಾರ ಬಿಚ್ಚಿ ಒಳಗಿಟ್ಟೆ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಇಲ್ಲ, ಚೀಟಿ ಇದ್ದರೆ ಪೂರ್ತಿ ಪಟ್ಟಿ. ಗಿರಾಕಿಗಳು ಗೊಣಗಿ ಮುಂದಿನ ಗಲ್ಲಿಯ ಅಂಗಡಿಗೆ ಹೋದರು. ಹೋಗದೆ ವಾದಿಸುವವರನ್ನು ಅಕ್ಕ ವಿಚಾರಿಸಿಕೊಳ್ಳುತ್ತಿದ್ದರು. “ಭಾವೂ, ಪೂರಾ ಕೋರ್ಸ್ ಘೇ,” ಎಂದು ಶುರುಮಾಡಿ, ಕೇಳದಿದ್ದರೆ ರವಿಕೆಯ ಮೇಲಿನ ಗುಂಡಿ ಬಿಚ್ಚಿ ಗಾಯದ ತುದಿ ತೋರಿಸಿ, ಹೆದರಿಸಿ, ಪೂರ್ತಿ ಪಟ್ಟಿ ಕೊಳ್ಳಿಸಿಯೇ ಬಿಡುವರು.

ಆದರೆ ಒಂದು ದಿನವೂ, ಒಂದೇ ಒಂದು ದಿನವೂ, ‘ನಿನ್ನಿಂದಾಗಿ’ ಎನ್ನಲಿಲ್ಲ. ನನಗದು ತಡೆಯಲಿಲ್ಲ. ಒಂದು ಸಂಜೆ ಥರ್ಮಾಮೀಟರ್ ತೊಳೆಯುತ್ತ, “ಒಂದು ಸಲ ಬೈದುಬಿಡಿ ಅಕ್ಕ,” ಎಂದೆ.

“ಯಾಕೆ?”

“ಎರಡು ತಿಂಗಳು ಕತ್ತರಿಸಿ ಕತ್ತರಿಸಿ ಕೊಟ್ಟವಳು ನಾನು.”

“ಹಲ್ಲಿನ ಡಾಕ್ಟರತ್ರ ಬಾಯಿ ಮುಚ್ಚಿದವಳು ನಾನು. ನನ್ನನ್ನು ಯಾರು ಬೈದ್ರು?” ಎಂದರು. ಕೌಂಟರಿನಿಂದ ಮೊಣಕೈ ತೆಗೆದು, “ಬೈದ್ರೆ ನಿನಗೆ ಹಗುರ ಆಗ್ತದೆ ಮಾರಾಯ್ತಿ, ನನಗೆ ಗೊತ್ತುಂಟು. ಆದ್ರೆ ನನಗೆ ಬರುವುದಿಲ್ಲ ಅದು,” ಎಂದು ಹೊರಟುಹೋದರು.

ಅದು ದೊಡ್ಡತನವೋ ಶಿಕ್ಷೆಯೋ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅತ್ತೆ ತೀರಿಕೊಂಡರು. ಮಗಳು ಬೆಳೆದು, ಬಿ.ಕಾಂ. ಮುಗಿಸಿ, ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದಳು. ಇಲ್ಲೇ ಹುಟ್ಟಿದವಳು, ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ಐರೋಲಿಯ ಒಂದು ಮನೆಯಿಂದ, ನಮ್ಮ ಕಡೆಯವರದ್ದೇ, ಸಂಬಂಧ ಬಂತು. ಅವರು ನೋಡಲು ಬಂದ ದಿನ ಹತ್ತಿರದವಳೆಂದು ನನ್ನನ್ನೂ ಕರೆದಿದ್ದರು.

ಆ ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಗಂಡಿನ ಕಡೆಯವರು ಬಂದು ಕೂತಿದ್ದಾರೆ, ಒಳಕೋಣೆಯಲ್ಲಿ ಗ್ರೈಂಡರು ಗರಗರ ತಿರುಗುತ್ತಿದೆ. ಮಾತು ಕೇಳಿಸದೆ ಎಲ್ಲರೂ ಕೂಗಿ ಕೂಗಿ ಹೇಳುತ್ತಿದ್ದಾರೆ. ಆ ಹೊತ್ತಿಗೆ ಯಾರಾದರೂ ಅಕ್ಕಿ ಹಾಕುತ್ತಾರೆಯೇ? ಆರಿಸೋಣವೆಂದು ನಾನು ಒಳಗೆ ಹೋದರೆ ಗ್ರೈಂಡರಿನಲ್ಲಿ ಬರೀ ನೀರು. ಹಿಂದೆಯೇ ಬಂದ ಅಕ್ಕ ನನ್ನ ಕೈ ಹಿಡಿದರು. “ಇರ್ಲಿ. ಚಿಕ್ಕ ಕೋಣೆ, ಅವರ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದಾರೆ,” ಎಂದು ಎದೆ ಮುಟ್ಟಿ ತೋರಿಸಿದರು. ಟಿಕ್ ಟಿಕ್ ಕೇಳಿಸಬಾರದು. ಹಾರ್ಟಿನ ಕಾಯಿಲೆಯ ಮನೆ ಎಂದರೆ ಯಾರು ಹೆಣ್ಣು ತೆಗೆದುಕೊಂಡಾರು? ಹೊರಗೆ ಹುಡುಗನ ತಾಯಿ, “ಎಲ್ಲ ಆರೋಗ್ಯವಾ?” ಎಂದು ಕೇಳಿದಾಗ ಅಕ್ಕ, “ದೇವರ ದಯೆ,” ಎಂದರು. ನಾನು ಅಂಬೊಡೆ ತಿನ್ನುತ್ತ ಕೂತಿದ್ದೆ.

ನನ್ನ ಕೈ ಹಿಡಿದಾಗ ಅಕ್ಕನ ಕೈ ಬಿಸಿಯಾಗಿತ್ತು. ಮೋಟಾರಿನ ಹತ್ತಿರ ನಿಂತಿದ್ದರಲ್ಲ ಎಂದುಕೊಂಡೆ. ಅಷ್ಟು ಬಾರಿ ಆ ಮೈಯ ಬಿಸಿ ಅಳೆದವಳು ನಾನು. ಎರಡು ವಾರದಿಂದ ಅವರು ಐದು ಗಂಟೆಗೆ ಅಂಗಡಿಗೆ ಬರುವುದನ್ನೇ ನಿಲ್ಲಿಸಿದ್ದರು. ಕೇಳಿದರೆ, “ಮದುವೆ ಓಡಾಟ ಮಾರಾಯ್ತಿ,” ಎಂದಿದ್ದರು. ಒಂದು ಸಲ ಮೋಸಹೋದ ಜಾಗದಲ್ಲೇ ನಾನು ಎರಡನೇ ಸಲವೂ ಹೋಗಿ ನಿಂತೆ.

ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿದ್ದಾಗ, ಬೆಳಿಗ್ಗೆ, ಹಿಟ್ಟಿನ ಪಾತ್ರೆಯಲ್ಲಿ ಕೈಯಿಟ್ಟವರು ಹಾಗೆಯೇ ಬಲಕ್ಕೆ ವಾಲಿದರು. ಲೋಹದ ಕವಾಟಕ್ಕೆ ಸೋಂಕು ಹತ್ತಿ, ಅದರಿಂದ ಒಂದು ಚೂರು ಕಳಚಿ ತಲೆಗೆ ಹೋಗಿತ್ತು. ಮತ್ತೆ ಠಾಣೆ, ಅದೇ ರಸ್ತೆ. ಎಲ್ಲಿಂದ ಒಳಗೆ ಹೊಕ್ಕಿತು ಎಂದು ಈ ಸಲ ಯಾರಿಗೂ ತಿಳಿಯಲಿಲ್ಲ. ರಕ್ತದಲ್ಲಿ ಈ ಸಲವೂ ಏನೂ ಬೆಳೆಯಲಿಲ್ಲ. ಐದನೇ ದಿನ ಅಕ್ಕ ಹೋದರು. ಮನೆಗೆ ತಂದು ಮಲಗಿಸಿದಾಗ, ಅಳುವವರೆಲ್ಲ ಅಳುತ್ತಿರುವಾಗ, ನಾನು ಮಾತ್ರ ಆ ಶಬ್ದಕ್ಕಾಗಿ ಕಿವಿಗೊಟ್ಟು ಕೂತಿದ್ದೆ.

ಹದಿಮೂರನೇ ದಿನದ ಊಟ ಮುಗಿದ ಮರುದಿನ ಮಗಳು ಅಂಗಡಿಗೆ ಬಂದಳು. ಮುಷ್ಟಿ ಬಿಚ್ಚಿ ಕೌಂಟರಿನ ಮೇಲೆ ಬೆಳ್ಳಿಯ ತುಂಡುಗಳನ್ನು ಹರಡಿದಳು. ಎರಡೆರಡರ ತುಂಡುಗಳು, ಹೆಸರಿಲ್ಲ.

“ಆಂಟಿ, ಮಮ್ಮಿ ಕೆ ಡಬ್ಬೆ ಮೇಂ ಥೀ. ಯೇ ಕಿಸ್ ಚೀಜ್ ಕೀ ಗೋಲಿ ಹೈ?”

ನೋಡಿದ ಕೂಡಲೇ ಗೊತ್ತಾಯಿತು. ಖಾಲಿ ಗುಳ್ಳೆಯ ಆಕಾರ, ಹಾಳೆಯ ಬಣ್ಣ, ಇಪ್ಪತ್ತು ವರ್ಷ ಅವನ್ನೇ ಮುಟ್ಟಿದ ಕೈ. ಜ್ವರ ಬಂದರೆ ನಾನು ಆಸ್ಪತ್ರೆಗೆ ಅಟ್ಟುತ್ತೇನೆಂದು, ಆಸ್ಪತ್ರೆ ಎಂದರೆ ಆರು ವಾರವೆಂದು, ಆರು ವಾರವೆಂದರೆ ಐರೋಲಿಯವರಿಗೆ ಎಲ್ಲ ತಿಳಿಯುತ್ತದೆಂದು, ಅಕ್ಕ ಬೇರೆ ಅಂಗಡಿಯಿಂದ ತರಿಸಿಕೊಂಡಿದ್ದರು. ಊರಿಗೆಲ್ಲ ಪೂರ್ತಿ ಕೋರ್ಸು ಹೇಳಿದ ಅಕ್ಕ. ಇದನ್ನು ಈ ಹುಡುಗಿಗೆ ಹೇಳುವುದೇ? ನಿನ್ನ ನಿಶ್ಚಯಕ್ಕಾಗಿ ನಿನ್ನಮ್ಮ ಜ್ವರ ನುಂಗಿದಳು ಎಂದು? ಜೀವಮಾನವಿಡೀ ಹೊರಬೇಕಾದ ಭಾರ. “ಅದಾ? ಗ್ಯಾಸಿನ ಮಾತ್ರೆ,” ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ತುಂಡುಗಳನ್ನು ಬಳಿದುಕೊಂಡು ಹೋದಳು. ಒಳ್ಳೆಯ ಕೆಲಸ ಮಾಡಿದೆನೆಂದೇ ನಾನು ತಿಳಿದಿದ್ದೆ.

ವರ್ಷದೊಳಗೆ ಮದುವೆ ಆಗಬೇಕೆಂಬ ಪದ್ಧತಿಯಂತೆ ಮದುವೆಯಾಯಿತು. ಐರೋಲಿಯವರಿಗೆ ಎಲ್ಲವೂ ತಿಳಿದಿತ್ತು, ಸತ್ತ ಮೇಲೆ ಏನು ಮುಚ್ಚಲಿಕ್ಕಾಗುತ್ತದೆ? ಹುಡುಗನ ತಾಯಿ, “ಮೊದಲೇ ಹೇಳಿದ್ರೆ ನಾವೇನು ಬೇಡ ಅಂತಿದ್ದೆವಾ?” ಎಂದರಂತೆ. ನಿಜವೋ ಉಪಚಾರವೋ, ಈಗ ಯಾರು ಬಲ್ಲರು.

ಕಳೆದ ದೀಪಾವಳಿಗೆ ಮಗಳು ಅಪ್ಪನನ್ನು ನೋಡಲು ಬಂದಿದ್ದಳು, ಕಂಕುಳಲ್ಲಿ ಒಂದೂವರೆ ವರ್ಷದ ಮಗು. ಅಂಗಡಿಗೆ ಬಂದು ಡಾಕ್ಟರ ಚೀಟಿ, ಅರ್ಧವಾದ ಔಷಧದ ಬಾಟಲಿ ಕೌಂಟರಿನ ಮೇಲಿಟ್ಟಳು. ಮಗುವಿನ ಜ್ವರ ಎರಡನೇ ದಿನಕ್ಕೇ ಬಿಟ್ಟಿದೆ, ಅತ್ತೆ ಸಾಕು ಎನ್ನುತ್ತಾರೆ, “ಪೂರಾ ಖತಮ್ ಕರನಾ ಹೈ ನಾ ಆಂಟಿ?” ಎಂದು ಕೇಳಿದಳು. ಕೇಳುವಾಗ ಎರಡೂ ಮೊಣಕೈ ಗಾಜಿನ ಮೇಲಿದ್ದವು.

ಆ ಮೊಣಕೈಗಳನ್ನೇ ನೋಡುತ್ತ ಚೀಟಿ ಮಡಿಚಿ ಕೊಟ್ಟೆ. ಹೌದು, ಪೂರ್ತಿ ಮುಗಿಸು ಎಂದೆ. ಆಮೇಲೆ ಬಾಯಿಗೆ ಬಂದುಬಿಟ್ಟಿತು. “ಅವತ್ತು ನಾನು ಸುಳ್ಳು ಹೇಳಿದೆ ಮಗಾ. ಅದು ಗ್ಯಾಸಿನ ಮಾತ್ರೆ ಅಲ್ಲ.”

ಅವಳು ಗಾಬರಿಯಾಗಲಿಲ್ಲ. “ಮುಝೆ ಪತಾ ಥಾ. ಕಲ್ಯಾಣ್ ಸ್ಟೇಷನ್ ಕೆ ಪಾಸ್ ಸೆ ಮೈಂ ಹೀ ಲಾತೀ ಥೀ. ಮಮ್ಮಿ ನೆ ಬೋಲಾ, ಆಂಟಿ ಕೋ ಮತ್ ಬತಾನಾ.”

ನನಗೆ ಹೇಳಬಾರದೆಂದು ಅಮ್ಮನ ತಾಕೀತು, ಆಫೀಸಿನಿಂದ ಬರುವಾಗ ಕಲ್ಯಾಣದವರೆಗೆ ಹೋಗಿ ತಾನೇ ತರುತ್ತಿದ್ದಳಂತೆ. ಮೂರು ವಾರ. ಎರಡೆರಡು.

“ಗೊತ್ತಿದ್ದೂ ನನ್ನ ಹತ್ರ ಯಾಕೆ ಕೇಳಿದ್ದು?”

ಮಗುವಿನ ಟೋಪಿ ಸರಿಮಾಡುತ್ತ, “ಲಗಾ, ಆಪ್ ಡಾಂಟೋಗೀ,” ಎಂದಳು.

ಬೈಯುತ್ತೇನೆಂದು ಬಂದಿದ್ದಳು. ಬೈಸಿಕೊಳ್ಳಲೆಂದೇ ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಬಂದಿದ್ದಳು. ನಾನು ಕರುಣೆಯೆಂದು ತಿಳಿದು ‘ಗ್ಯಾಸು’ ಎಂದು ಅವಳ ಬಾಯಿ ಮುಚ್ಚಿಸಿ ಕಳಿಸಿ ಮೂರು ವರ್ಷವಾಗಿತ್ತು. ಬೈಯದೆ ಬಿಟ್ಟರೆ ಹೇಗಿರುತ್ತದೆ ಎಂದು ಈ ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು.

ನಾನು ಬೈದೆ. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ನಿಂತಿದ್ದರು, ನಿಂತಿರಲಿ. “ಬುದ್ಧಿ ಇಲ್ವಾ ನಿನಗೆ? ಅಮ್ಮನ ಎದೆಯಲ್ಲಿ ಲೋಹ ಉಂಟು ಅಂತ ಗೊತ್ತಿಲ್ವಾ? ಮೂರು ವಾರ ಜ್ವರ, ಎದುರಿನ ಅಂಗಡಿಯಲ್ಲಿ ನಾನು ಸತ್ತಿದ್ದೆನಾ? ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ಎಳಕೊಂಡು ಹೋಗ್ತಿದ್ದೆ ಅಲ್ವಾ ನಾನು!” ಅರ್ಧ ಬೈಗುಳ ಅವಳಿಗೆ, ಅರ್ಧ ನನಗೇ ಎಂದು ನನಗೆ ಗೊತ್ತಿತ್ತು. ಮಗು ಬೆರಗಾಗಿ ನನ್ನ ಬಾಯನ್ನೇ ನೋಡುತ್ತಿತ್ತು. ಅವಳು ಗಾಜಿನ ಮೇಲೆ ತಲೆ ಬಗ್ಗಿಸಿ, ಒಂದೂ ತಪ್ಪಿಸಿಕೊಳ್ಳದೆ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಉಸಿರಿಗಾಗಿ ನಿಂತಾಗ ತಲೆಯೆತ್ತಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ನನ್ನೊಡನೆ ಕನ್ನಡದಲ್ಲಿ ಮಾತಾಡಿದಳು.

“ಇನ್ನೂ ಬೈಯಿರಿ ಆಂಟಿ.”

ಬೈದೆ.